ಕಿಲ್ಲೆಯ ಲಡಾಯಿಗೆ ಬಂದ ಕಾರ್ಡು

೨೦೧೧ರ ದೀಪಾವಳಿಯಲ್ಲಿ ನನ್ನ ವಾರಗಿತ್ತಿ ರೂಪಾಳ ಮೇಲೆ ನನಗೆ ಬಂದಷ್ಟು ಹೊಟ್ಟೆಕಿಚ್ಚು ಅದಕ್ಕೂ ಮೊದಲು ಯಾರ ಮೇಲೂ ಬಂದಿರಲಿಲ್ಲ. ಸೀರೆ, ಬಂಗಾರದ ವಿಷಯವಾಗಿದ್ದರೆ ಹೇಳಿಕೊಳ್ಳಲು ಒಂದು ಮುಖವಾದರೂ ಇರುತ್ತಿತ್ತು. ಆದದ್ದು ಮಕ್ಕಳ ಆಟಕ್ಕೆ.

ನಮ್ಮದು ನಿಪ್ಪಾಣಿ ಹತ್ತಿರದ ಬೋರಗಾಂವ. ದೀಪಾವಳಿ ಬಂತೆಂದರೆ ನಮ್ಮ ಕಡೆ ಮಕ್ಕಳು ಅಂಗಳದಲ್ಲಿ ಕಲ್ಲು, ಮಣ್ಣು, ಹಳೇ ಗೋಣಿಚೀಲ ಸೇರಿಸಿ ಕಿಲ್ಲಾ ಎಂಬ ಪುಟ್ಟ ಕೋಟೆ ಕಟ್ಟುತ್ತಾರೆ. ತುದಿಯಲ್ಲಿ ಮಹಾರಾಜರ ಬೊಂಬೆ ಕೂರಿಸಿ, ಪೇಟೆಯಿಂದ ತಂದ ಮಣ್ಣಿನ ಸೈನಿಕರನ್ನು ಸುತ್ತಲೂ ನಿಲ್ಲಿಸುತ್ತಾರೆ. ಬೇರೆ ಮನೆಗಳಲ್ಲಿ ಅದು ನೋಡಲಿಕ್ಕಷ್ಟೇ. ನಮ್ಮ ಅಂಗಳದಲ್ಲಿ ಮಾತ್ರ ಪಾಡ್ಯದ ದಿನ ಆ ಸೈನಿಕರ ಲಡಾಯಿ ನಡೆಯುತ್ತಿತ್ತು. ಅದನ್ನು ಶುರು ಮಾಡಿದವಳು ನಾನು, ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷವೇ.

ಮಕ್ಕಳು ಎರಡು ಪಾರ್ಟಿ ಆಗಬೇಕು. ಒಂದು ಕಿಲ್ಲೆಯ ಮೇಲೆ, ಇನ್ನೊಂದು ಕೆಳಗೆ. ಎಷ್ಟು ಕವಡೆ ಬಾಯಿ ತೆರೆದು ಬೀಳುತ್ತವೋ ಅಷ್ಟು ಗೇಣು ಸೈನಿಕ ನಡೆಯಬೇಕು, ಎದುರಿನವನನ್ನು ಮುಟ್ಟಿದರೆ ಅವನು ಸತ್ತ. ಗೇಣು ನನ್ನ ಕೈಯದು. ಮುಟ್ಟಿತು, ಮುಟ್ಟಲಿಲ್ಲ ಎಂದು ಜಗಳ ಬಂದರೆ ತೀರ್ಪೂ ನನ್ನದೇ. ನನಗೆ ಮಕ್ಕಳಿಲ್ಲ. ವರ್ಷವಿಡೀ ಓಣಿಯ ಮಕ್ಕಳು ಅವರವರ ತಾಯಿಯ ಬೆನ್ನು ಹತ್ತಿರುತ್ತಿದ್ದರು. ಆ ಒಂದು ದಿನ ಮಾತ್ರ "ದೊಡ್ಡ ಕಾಕೂ, ನೀವ ಹೇಳ್ರಿ" ಎಂದು ನನ್ನ ಸೆರಗು ಹಿಡಿದು ಜಗ್ಗುತ್ತಿದ್ದರು. ಅದಕ್ಕಾಗಿ ನಾನು ಚಕ್ಕುಲಿ, ಕರಜಿಕಾಯಿ ಎಲ್ಲ ಮೊದಲೇ ಕರಿದಿಟ್ಟು ಕೈ ತೊಳೆದುಕೊಂಡು ಕೂರುತ್ತಿದ್ದೆ.

ರೂಪಾ ಮೈದುನನ ಹೆಂಡತಿ, ಶೇಡಬಾಳದವಳು. ಸಾಂಗ್ಲಿಯ ಹಾಸ್ಟೆಲ್‌ನಲ್ಲಿದ್ದು ಓದಿದವಳು. ಮದುವೆಯಾದ ವರ್ಷ ಹಬ್ಬಕ್ಕೆ ತವರಿಗೆ ಹೋಗಿದ್ದಳು, ಹೀಗಾಗಿ ನಮ್ಮ ಲಡಾಯಿ ನೋಡಿದ್ದು ೨೦೧೧ರಲ್ಲೇ ಮೊದಲು. ಬೆಳಗಿನ ಆಟವನ್ನು ಕಟ್ಟೆಯ ಮೇಲೆ ಕುಳಿತು ಪೂರ್ತಿ ನೋಡಿ ಹೇಳಿದಳು:

"ಅಕ್ಕಾರ, ಆಟ ಚಲೋ ಐತ್ರಿ. ಆದ್ರ ಒಂದು ಪಾರ್ಟಿ ಎಲ್ಲಾ ಸೈನಿಕರ್ನ ನಡಸೂತನಕಾ ಇನ್ನೊಂದು ಪಾರ್ಟಿ ಸುಮ್ಮ ಕುಂದರಬೇಕು. ನೋಡ್ರಿ, ಅರ್ಧಾ ಹುಡುಗ್ರು ಪಟಾಕಿ ಹಚ್ಚಾಕ ಹೋಗ್ಯಾರ."

ನಿಜವೇ ಆಗಿತ್ತು. ನಿಜವಾಗಿದ್ದರಿಂದಲೇ ನನಗೆ ಮೆಣಸಿನಕಾಯಿ ಕಡಿದಂತಾಯಿತು.

"ಹಾಸ್ಟೆಲಿನ್ಯಾಗ ನಾವೊಂದು ಪಟದ ಆಟ ಆಡ್ತಿದ್ವಿ. ಅದರಾಗ ಯಾರ ಕಾರ್ಡ್ ಬರ್ತೈತಿ ಅವರದ ಪಾಳಿ. ಮುಂದ ಯಾರದು ಅಂತ ಗೊತ್ತ ಇರೂದಿಲ್ಲ, ಹಂಗಾಗಿ ಯಾರೂ ಎದ್ದು ಹೋಗೂದಿಲ್ಲ. ಇದಕ್ಕೂ ಹಂಗ ಮಾಡೂಣೇನ್ರಿ?"

"ಇದು ಹಬ್ಬದ ಮನಿ ಐತವಾ, ಇಸ್ಪೀಟಿನ ಅಡ್ಡೆ ಅಲ್ಲ" ಎಂದೆ. ಅವಳು ನಕ್ಕಳು. ನಗುವವರ ಜೊತೆ ಜಗಳ ಆಡುವುದಾದರೂ ಹೇಗೆ?

ಊಟ ಮುಗಿಯುವಷ್ಟರಲ್ಲಿ ಕಾರ್ಡುಗಳು ತಯಾರಾಗಿದ್ದವು. ತನ್ನದೇ ಮದುವೆಯಲ್ಲಿ ಉಳಿದಿದ್ದ ಲಗ್ನಪತ್ರಿಕೆಗಳನ್ನು ಸಣ್ಣಗೆ ಕತ್ತರಿಸಿ, ಖಾಲಿ ಬದಿಗೆ ಮೇಲಿನ ಕುದುರೆ, ಕೆಳಗಿನ ಕುದುರೆ, ತೋಪು, ಭರ್ಜಿ ಎಂದೆಲ್ಲ ಬರೆದಿದ್ದಳು. ಯಾವ ಕಾರ್ಡು ಬರುತ್ತದೋ ಆ ಗುಂಪಷ್ಟೇ ನಡೆಯಬೇಕು. ಒಂದರ ಮೇಲೆ ಮಾತ್ರ "ಸಂಜೆ ಆಯ್ತು" ಎಂದಿತ್ತು. ಅದು ಬಂದರೆ ಆಟದೊಳಗಿನ ಆ ದಿನದ ಯುದ್ಧ ಬಂದ್, ಪಾಳಿ ಬಾರದವರು ನಿಂತಲ್ಲೇ ನಿಲ್ಲಬೇಕು, ಕಾರ್ಡೆಲ್ಲ ಮತ್ತೆ ಕಲಸಿ ಮರುದಿನದ ಯುದ್ಧ ಶುರು ಮಾಡಬೇಕು. ಕವಡೆ ಮತ್ತು ನನ್ನ ಗೇಣಿನ ಬದಲು ಮಗ್ಗದ ನೂಲಿಗೆ ಗಂಟು ಹಾಕಿ, ಕುದುರೆಗೆ ಇಷ್ಟು ಗಂಟು, ತೋಪಿನ ಗುಂಡಿಗೆ ಇಷ್ಟು ಎಂದು ಅಳತೆ ಮಾಡಿದ್ದಳು. ನಾನು ಕಟ್ಟಿಸಿದ ಕಿಲ್ಲೆಯ ಸುತ್ತ ಮಕ್ಕಳ ಕೈಯಲ್ಲೆಲ್ಲ "ಚಿ. ಸೌ. ರೂಪಾ" ಓಡಾಡತೊಡಗಿದಳು.

ಆದರೆ ಆಟ ಸ್ವಲ್ಪ ಹೊತ್ತಿನಲ್ಲೇ ಕೆಟ್ಟಿತು. ಕಾರ್ಡುಗಳನ್ನು ಬೋರಲು ಹಾಕಿದರೆ ಹಿಂದಿನ ಅಚ್ಚು ಕಾಣುತ್ತಿತ್ತಲ್ಲ! ಗಣಪತಿ ಇರುವ ತುಂಡು ಮೇಲಿನವರ ತೋಪು, ಮುಹೂರ್ತದ ಸಾಲು ಇರುವುದು ಕೆಳಗಿನವರ ಕುದುರೆ ಎಂದು ಮಕ್ಕಳು ಆಗಲೇ ಗುರುತು ಹಿಡಿದಿದ್ದರು. ಪಕ್ಕದ ಮನೆಯ ಅಶ್ವಿನಿ ಕೂಗಿದಳು, "ಸಣ್ಣ ಕಾಕೂ, ಇವರು ಗಣಪತಿ ನೋಡೇ ತಗ್ಯಾಕತ್ತಾರ!" ಮಜ್ಜಿಗೆ ಕುಡಿದ ಹಾಗೆ ನನ್ನ ಹೊಟ್ಟೆ ತಣ್ಣಗಾಯಿತು. "ಕವಡಿ ತರ್ಲೇನು?" ಎಂದು ಎದ್ದೇ ಬಿಟ್ಟೆ.

ಅಷ್ಟರಲ್ಲಿ ನಮ್ಮ ಅತ್ತೆ ಸೊಂಟದಿಂದ ತಮ್ಮ ಚಂಚಿ ಬಿಚ್ಚಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಮಡಿಲಿಗೆ ಸುರಿದುಕೊಂಡು ಖಾಲಿ ಚಂಚಿಯನ್ನು ರೂಪಾಳ ಮುಂದೆ ಹಿಡಿದರು.

"ಇದರಾಗ ಹಾಕಿ ಕೈಬಿಟ್ಟು ತಗಸವಾ. ಕಣ್ಣಿಗಿ ಕಾಣದಿದ್ರ ಹ್ಯಾಂಗ ಆರಿಸ್ತಾರ?"

ಹತ್ತು ವರ್ಷ ಈ ಮನೆಯಲ್ಲಿ ಮುಸುರೆ ತಿಕ್ಕಿದವಳು ನಾನು. ಆ ಚಂಚಿಯನ್ನು ಒಗೆಯಲಿಕ್ಕೂ ನನ್ನ ಕೈಗೆ ಕೊಟ್ಟವರಲ್ಲ ಅವರು. ಕಣ್ಣಲ್ಲಿ ನೀರು ಬಂತು. ಯಾರಿಗೂ ಕಾಣಬಾರದೆಂದು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಧಡಧಡ ತೊಳೆದೆ.

ಹೊರಗೆ ಒಂದೇ ಗದ್ದಲ. ಪಟಾಕಿ ಹಚ್ಚಲು ಓಡಿದವರೆಲ್ಲ ಬಂದು ಕೂತಿದ್ದರು. ಒಬ್ಬೊಬ್ಬರು ಚಂಚಿಯಲ್ಲಿ ಕೈಯಿಟ್ಟಾಗ ಎಲ್ಲರೂ ಉಸಿರು ಹಿಡಿಯುವುದು, ಕಾರ್ಡು ಬಂದೊಡನೆ ಹೋ ಎನ್ನುವುದು. ನಾನು ಕಿವಿಗೊಟ್ಟು ಕಾದೆ. "ದೊಡ್ಡ ಕಾಕೂ" ಎಂದು ಒಬ್ಬರೂ ಕರೆಯಲಿಲ್ಲ. ಚಂಚಿ ಪಾಳಿ ಹೇಳುತ್ತಿತ್ತು, ನೂಲು ಅಳತೆ ಹೇಳುತ್ತಿತ್ತು. ತೀರ್ಪಿನವಳಿಗೆ ಅಲ್ಲಿ ಏನು ಕೆಲಸ?

ಸ್ವಲ್ಪ ಹೊತ್ತಿಗೆ ರೂಪಾ ಅಡಿಗೆಮನೆ ಬಾಗಿಲಿಗೆ ಬಂದಳು. "ಅಕ್ಕಾರ, ಹೊರಗ ಬರ್ರಿ."

"ಯಾಕ? ಚಂಚಿ ಐತೆಲ್ಲಾ ನಿನ್ನ ಹಂತೇಕ."

"ತೀರ್ಪು ಕೊಡಾಕ ಅಲ್ರಿ. ಕೆಳಗಿನ ಪಾರ್ಟಿಗಿ ಒಬ್ರು ಕಡಿಮಿ ಅದಾರ. ನೀವು ಆಡ್ರಿ. ಇಷ್ಟ ವರ್ಷ ಆಡಿಸೀರಿ, ಒಮ್ಮೆರ ಆಡೀರೇನು?"

ಆಡಿರಲಿಲ್ಲ. ಅದು ನನಗೆ ಹೊಳೆದೂ ಇರಲಿಲ್ಲ. ಮೇಲಿನ ಪಾರ್ಟಿಯಲ್ಲಿ ತಾನೇ ಇದ್ದೇನೆ ಎಂದಳು. ಹಾಗಾದರೆ ಸರಿ, ಇವಳ ಸೊಕ್ಕು ಮುರಿಯಲೇಬೇಕು ಎಂದು ಸೆರಗು ಸಿಕ್ಕಿಸಿ ಹೊರಗೆ ಬಂದೆ.

ಮಣ್ಣಿನಲ್ಲಿ ಮೊಣಕಾಲೂರಿ ಆಡಿದೆ. ನನ್ನ ಕುದುರೆಯವರು ಒಂದೊಂದೇ ಮೆಟ್ಟಿಲು ಹತ್ತಿ ಮಹಾರಾಜರ ಕಾಲಬುಡಕ್ಕೆ ಬಂದರು. ಒಂದು ಗಂಟು ನಡೆದರೆ ಕಿಲ್ಲಾ ನಮ್ಮದು. ಚಂಚಿಯಲ್ಲಿ ಕೈಯಿಟ್ಟೆ. ಬಂದದ್ದು "ಸಂಜೆ ಆಯ್ತು"! ಮತ್ತೆ ಕಲಸಿ ತೆಗೆದ ಮೊದಲ ಕಾರ್ಡೇ ರೂಪಾಳ ತೋಪು. ನೂಲು ಹಿಡಿದಳು, ನನ್ನ ಕುದುರೆಯವರು ಸತ್ತರು.

"ನೂಲು ಜಗ್ಗ್ಯಾಳ! ಮತ್ತ ಅಳೀರಿ!" ಎಂದು ಚೀರಿದೆ.

ಮತ್ತೆ ಅಳೆದರು. ನೂಲು ಸರಿಯಾಗಿಯೇ ಇತ್ತು. ಅಶ್ವಿನಿ ನನ್ನ ಕೈ ಹಿಡಿದು ಜಗ್ಗಿ, "ಕಾಕೂ, ಸೋತ್ರಿ! ಸುಳ್ಳ ಜಗಳ ತಗೀಬ್ಯಾಡ್ರಿ!" ಎಂದು ಗದರಿದಳು. ಮಕ್ಕಳೆಲ್ಲ ನನ್ನ ಮೈಮೇಲೆ ಬಿದ್ದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಅಂದಿನಿಂದ ಪಾಡ್ಯಕ್ಕೆ ನಾವಿಬ್ಬರೂ ಎದುರುಬದುರು. ಕೆಲವು ವರ್ಷ ಗೆದ್ದಿದ್ದೇನೆ, ಹೆಚ್ಚು ಸಲ ಸೋತಿದ್ದೇನೆ. ಓಣಿಯ ಮಕ್ಕಳು ಅದನ್ನು "ಸಣ್ಣ ಕಾಕೂನ ಆಟ" ಎನ್ನುತ್ತಾರೆ. ಲಡಾಯಿ ಹುಟ್ಟಿಸಿದವಳು ನಾನು, ಹೆಸರು ಅವಳದು, ಕೇಳಿದಾಗಲೆಲ್ಲ ಉರಿಯುತ್ತದೆ. ಆದರೆ ಅದಕ್ಕಿಂತ ದೊಡ್ಡ ಉರಿ ಇನ್ನೊಂದಿದೆ. ನಾನು ಒಮ್ಮೆಯೂ ಆಡಿಲ್ಲ ಎಂಬುದು ಹತ್ತು ವರ್ಷ ಅತ್ತೆಗೆ ಕಾಣಲಿಲ್ಲ, ಗಂಡನಿಗೆ ಕಾಣಲಿಲ್ಲ, ನನಗೂ ಕಾಣಲಿಲ್ಲ. ಅದು ಒಂದೇ ದಿನದಲ್ಲಿ ಅವಳ ಕಣ್ಣಿಗೇ ಯಾಕೆ ಬೀಳಬೇಕಿತ್ತು?