ಒಣಗದ ಉಣ್ಣೆ

ನಾನು ಚಿಕ್ಕವಳಿದ್ದಾಗ ಒಂದು ವರ್ಷ ಚಳಿ ಹೋಗಲೇ ಇಲ್ಲ. ಶಿವರಾತ್ರಿ ಬಂತು, ಉಪವಾಸ ಮಾಡಿದೆವು, ಗುಡಿಗೆ ಹೋಗಿ ಬಂದೆವು. ಮರುದಿನ ಎದ್ದು ನೋಡಿದರೆ ಬಾಯಿಂದ ಹೊಗೆ ಹಾಗೇ ಬರುತ್ತಿತ್ತು. ನಮ್ಮ ಕಡೆ ಆ ಹೊತ್ತಿಗೆ ಮಧ್ಯಾಹ್ನ ಬರಿಗಾಲಲ್ಲಿ ನೆಲ ತುಳಿಯಲು ಆಗುವುದಿಲ್ಲ. ಆ ವರ್ಷ ಮಾತ್ರ ಮೂಡಣ ಗಾಳಿ ದಿನವಿಡೀ ಬೀಸುತ್ತಿತ್ತು. ಅಂಗಳದ ಬೇವಿನ ಮರ ಎಲೆ ಉದುರಿಸಿ ಬೋಳಾಗಿ ನಿಂತಿತ್ತು, ಚಿಗುರಿನ ಸುಳಿವೇ ಇರಲಿಲ್ಲ. ಕಣದಲ್ಲಿ ಜೋಳದ ರಾಶಿ ಮಾಡುವವರು ಕೆಲಸ ಬಿಟ್ಟು ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತಾ ಕೂರುತ್ತಿದ್ದರು. ನನ್ನ ತುಟಿ, ಹಿಮ್ಮಡಿ ಎರಡೂ ಒಡೆದಿದ್ದವು. ಅವ್ವ ಬೆಣ್ಣೆ ಹಚ್ಚುತ್ತಿದ್ದಳು. ತುಟಿಗೆ ಹಚ್ಚಿದ್ದನ್ನು ನಾನು ಆಗಲೇ ನೆಕ್ಕಿ ಮುಗಿಸುತ್ತಿದ್ದೆ.

ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯ ಮಗ್ಗುಲಲ್ಲಿ ನಮ್ಮ ಊರು. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ ಮತ್ತು ನಾನು. ಮನೆಯ ಹಿಂದೆ ಒಂದು ದೊಡ್ಡಿ ತುಂಬ ಕರಿ ಕುರಿಗಳು. ಅವುಗಳ ಉಣ್ಣೆ ಕತ್ತರಿಸಿ, ನೂತು, ಕಂಬಳಿ ನೇಯುವವರಿಗೆ ಕೊಡುವುದು ನಮ್ಮ ಬದುಕು. ಚಳಿ ಕಳೆದ ಮೇಲೆ ಒಂದು ಸಲ ಉಣ್ಣೆ ಕತ್ತರಿಸಲೇಬೇಕು. ಬೇಗ ಕತ್ತರಿಸಿದರೆ ಕುರಿ ಚಳಿಗೆ ಸಿಕ್ಕಿಬೀಳುತ್ತದೆ, ತಡ ಮಾಡಿದರೆ ಬಿಸಿಲಿಗೆ ಬೆಂದು ಸೊರಗುತ್ತದೆ. ಆ ದಿನ ಯಾವುದೆಂದು ಊರಿಗೆಲ್ಲ ಹೇಳುತ್ತಿದ್ದವನು ನನ್ನ ಅಪ್ಪ.

ಅಪ್ಪ ಪಂಚಾಂಗ ನೋಡುತ್ತಿರಲಿಲ್ಲ. ನಸುಕಿನಲ್ಲಿ ದೊಡ್ಡಿಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದ. ಚಳಿ ಇದ್ದರೆ ಕುರಿಗಳು ಒಂದಕ್ಕೊಂದು ಅಂಟಿಕೊಂಡು ಮಲಗುತ್ತವೆ. ಚಳಿ ಕಳೆಯಿತೆಂದರೆ ದೂರ ದೂರ ಮಲಗುತ್ತವೆ. ಆಮೇಲೆ ಉಣ್ಣೆಯೊಳಗೆ ಬೆರಳು ತೂರಿಸಿ, ಹೊರಗೆ ತೆಗೆದು, ಚಳಿ ಕಳೆದಾಗ ಏಳುವ ಜಿಡ್ಡು ಬೆರಳಿಗೆ ಹತ್ತಿದೆಯೇ ಎಂದು ಉಜ್ಜಿ ನೋಡುತ್ತಿದ್ದ. ಊರಿನ ಕುರಿಗಾರರು ಬಂದು ನಮ್ಮ ಕಟ್ಟೆಯ ಮೇಲೆ ಕೂತು, "ಅಣ್ಣಾ, ಕತ್ತರಿ ಯಾವಾಗ ಹಿಡಿಯೋಣು?" ಎಂದು ಕೇಳುತ್ತಿದ್ದರು. ಅವನು ಹೇಳಿದ ದಿನವೇ ಊರಿಗೆಲ್ಲ ದಿನ. ನನಗಂತೂ ಅದೇ ದೊಡ್ಡ ಜಂಬ. ಓಣಿಯ ಹುಡುಗಿಯರ ಜೊತೆ ಜಗಳ ಬಂದರೆ, ನಮ್ಮಪ್ಪ ಹೇಳದೆ ನಿಮ್ಮಪ್ಪ ಕತ್ತರಿ ಮುಟ್ಟುವುದಿಲ್ಲ ಎಂದುಬಿಡುತ್ತಿದ್ದೆ.

ಶಿವರಾತ್ರಿ ಮುಗಿದು ಒಂದು ವಾರವಾಗಿತ್ತು. ಎರಡು ದಿನ ಗಾಳಿ ನಿಂತು ಬಿಸಿಲು ಬಿತ್ತು. ಕುರಿಗಳು ದೂರ ದೂರ ಮಲಗಿದವು. ಅಪ್ಪ ಬೋಳು ಬೇವಿನ ಮರವನ್ನೊಮ್ಮೆ ನೋಡಿದ, ದೊಡ್ಡಿಯನ್ನೊಮ್ಮೆ ನೋಡಿದ.

"ಗಿಡ ಒಂದು ಹೇಳ್ತೈತಿ, ಕುರಿ ಒಂದು ಹೇಳ್ತಾವ. ನಾ ಕುರಿ ಮಾತು ಕೇಳ್ತೀನಿ" ಎಂದ. ಕಟ್ಟೆಯ ಮೇಲಿದ್ದವರಿಗೆ, "ನಾಳಿಗೆ ನಮ್ಮವು ಆಗ್ಲಿ. ನಾಡದು ನೀವು ಹಿಡೀರಿ" ಎಂದು ಹೇಳಿ ಕಳಿಸಿದ.

ಮರುದಿನ ಅಂಗಳದ ತುಂಬ ಕತ್ತರಿಯ ಕಚಕಚ ಸದ್ದು, ಉಣ್ಣೆಯ ಕಮಟು ವಾಸನೆ. ಆ ಸಲ ನನ್ನ ಮರಿಗೂ ಮೊದಲ ಕತ್ತರಿ. ಹುಟ್ಟಿದಾಗಿನಿಂದ ನಾನೇ ಸಾಕಿದ ಮರಿ ಅದು. ನನ್ನ ಲಂಗ ಜಗಿಯುವುದು, ನಾನು ರೊಟ್ಟಿ ತಿನ್ನುವಾಗ ತಟ್ಟೆಗೆ ಮೂತಿ ಹಾಕುವುದು ಅದರ ಹವ್ಯಾಸ. ಅವ್ವ ಅದರ ಹಣೆಗೆ ಅರಿಶಿನದ ಭಂಡಾರ ಹಚ್ಚಿ, ಬಾಯಿಗೆ ಬೆಲ್ಲ ಇಟ್ಟಳು. ಉಣ್ಣೆ ಇಳಿದ ಮೇಲೆ ಅದು ಎಷ್ಟು ಸಣ್ಣಗೆ ಕಾಣಿಸಿತೆಂದರೆ ಅಕ್ಕ ಬಿದ್ದು ಬಿದ್ದು ನಕ್ಕಳು. ಮರಿಯ ಮೊದಲ ಉಣ್ಣೆ ಬಲು ಮೆತ್ತಗಿರುತ್ತದೆ. ಅವ್ವ ಅದನ್ನು ಬೇರೆ ತೆಗೆದು, ಬಿಸಿನೀರಿನಲ್ಲಿ ತೊಳೆದು, ಅಂಗಳದ ಕಲ್ಲಿನ ಮೇಲೆ ಹರವಿದಳು. ನನ್ನ ಕಂಬಳಿಗೆ ಅದನ್ನು ಸೇರಿಸುವ ಮಾತಿತ್ತು.

ಅಂದು ಸಂಜೆಯೇ ಮೋಡ ಕವಿಯಿತು. ಗಾಳಿ ಮತ್ತೆ ಎದ್ದಿತು. ಮೊದಲಿನ ಚಳಿಗಿಂತ ಅದು ಕೆಟ್ಟದಾಗಿತ್ತು. ಮೇಲೆ ಸಣ್ಣ ಜಿನುಗು ಬೇರೆ. ಕತ್ತರಿ ಹಿಡಿಯಬೇಕಿದ್ದ ಉಳಿದವರು ಕೈ ಬಿಟ್ಟರು. ನಮ್ಮ ಕುರಿಗಳಷ್ಟೇ ಬೋಳು ಮೈಯಲ್ಲಿ ನಿಂತಿದ್ದವು. ಅಪ್ಪ ಅವನ್ನೆಲ್ಲ ಮನೆಯೊಳಗೆ, ದನ ಕಟ್ಟುವ ಜಾಗಕ್ಕೆ ಹೊಡೆದುಕೊಂಡು ಬಂದ. ಗೋಣಿಚೀಲ ಹರಿದು ಒಂದೊಂದರ ಬೆನ್ನಿಗೆ ಕಟ್ಟಿದ. ಚೀಲ ಸಾಲದಾದಾಗ ಅಕ್ಕ ತಾನು ಹೊದೆಯುವ ಕೌದಿಯನ್ನು ಕೊಟ್ಟಳು. ಎರಡು ದಿನ ಸೂರ್ಯನೇ ಕಾಣಲಿಲ್ಲ. ಹಸಿ ಕಟ್ಟಿಗೆಯ ಹೊಗೆಯಲ್ಲಿ ಎಲ್ಲರ ಕಣ್ಣೂ ಕೆಂಪಾಗಿದ್ದವು. ಅಪ್ಪ ಎರಡು ತುತ್ತು ಉಂಡು ಎದ್ದುಬಿಡುತ್ತಿದ್ದ.

ನನ್ನ ಮರಿ ನಡುಗುತ್ತಿತ್ತು. ನನ್ನ ಎದೆಗೆ ಒತ್ತಿಕೊಂಡರೂ ನಿಲ್ಲದ ನಡುಕ. ಮೂಲೆಯ ಬುಟ್ಟಿಯಲ್ಲಿ ಅವ್ವ ಅಂಗಳದಿಂದ ಎತ್ತಿ ತಂದಿದ್ದ ಅದರದೇ ಉಣ್ಣೆ ಇತ್ತು. ಬಿಸಿಲಿಲ್ಲದೆ ಒಣಗದೆ ಬಿದ್ದಿತ್ತು. ಅದರದನ್ನು ಅದಕ್ಕೇ ಕೊಟ್ಟರಾಯಿತು ಎಂದು ನನಗೆ ಹೊಳೆಯಿತು. ದೊಡ್ಡ ಉಪಾಯ ಎನಿಸಿತು. ದೀಪ ಹಚ್ಚುವ ಹೊತ್ತಿನಲ್ಲಿ ಅವ್ವ, ಅಕ್ಕ ರೊಟ್ಟಿ ಬಡಿಯುತ್ತಿದ್ದರು, ಅಪ್ಪ ಸೊಪ್ಪು ತರಲು ಹೋಗಿದ್ದ. ನಾನು ಆ ಹಸಿ ಉಣ್ಣೆಯನ್ನು ಮರಿಯ ಮೈಗೆಲ್ಲ ಸುತ್ತಿ, ಹಳೆಯ ಸೀರೆಯ ಚೂರಿನಿಂದ ಕಟ್ಟಿ, ಮೇಲೆ ಗೋಣಿಚೀಲವನ್ನು ಮೊದಲಿದ್ದಂತೆಯೇ ಹೊದಿಸಿದೆ. ಯಾರಿಗೂ ಕಾಣಲಿಲ್ಲ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಓಡಿದೆ. ಮರಿ ಕಾಲು ನೀಡಿ ಮಲಗಿತ್ತು. ಮುಟ್ಟಿದರೆ ಕಲ್ಲಿನಷ್ಟು ತಣ್ಣಗೆ. ಮೈಗೆ ಸುತ್ತಿದ ಉಣ್ಣೆಯಿಂದ ಇನ್ನೂ ನೀರಿನ ತಂಪು ಕೈಗೆ ಹತ್ತುತ್ತಿತ್ತು. ಹಸಿ ಬಟ್ಟೆ ಉಟ್ಟು ಆಡಿದಾಗಲೆಲ್ಲ ಅವ್ವ ನನ್ನನ್ನು ಯಾಕೆ ಬೈಯುತ್ತಿದ್ದಳೆಂದು ಆಗ ತಿಳಿಯಿತು. ನಾನು ಅಳಲಿಲ್ಲ. ಗಂಟು ಬಿಚ್ಚಿ, ಉಣ್ಣೆಯನ್ನೆಲ್ಲ ಎಳೆದು ತೆಗೆದು, ಮತ್ತೆ ಬುಟ್ಟಿಗೆ ತುಂಬಿದೆ. ಹೋಗಿ ಕೌದಿ ಎಳೆದುಕೊಂಡು ನಿದ್ದೆ ಬಂದವಳ ಹಾಗೆ ಮಲಗಿದೆ. ಮಕ್ಕಳೇ, ಹಸಿ ಉಣ್ಣೆ ಸುತ್ತಿದ್ದು ಗೊತ್ತಿಲ್ಲದೆ ಮಾಡಿದ್ದು. ಇದು ಮಾತ್ರ ಗೊತ್ತಿದ್ದೇ ಮಾಡಿದ್ದು.

ಅಪ್ಪ ಮರಿಯ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದ. ಸುದ್ದಿ ಕೇಳಿ ಊರಿನವರು ಬಂದರು. ಕಟ್ಟೆಯ ಮೇಲೆ ಯಾರೂ ಕೂರಲಿಲ್ಲ, ಎಲ್ಲ ನಿಂತೇ ಇದ್ದರು. ಅಪ್ಪ ತಲೆ ಎತ್ತದೆ ಹೇಳಿದ, "ಕತ್ತರಿ ಹಿಡಿದಾವ ನಾ. ಚಳಿ ಹೋಗಿಲ್ಲಂತ ನನಗ ತಿಳೀಬೇಕಿತ್ತು. ನನ್ನ ಕೈಯಾಗ ಹೋತು ಮರಿ."

ಒಬ್ಬ ಮುದುಕ, "ಇರ್ಲಿ ಬಿಡೋ ತಮ್ಮಾ, ಯಾರ ಕೈಲೆ ತಪ್ಪಾಗಂಗಿಲ್ಲ?" ಎಂದ. ಬಂದವರು ಒಬ್ಬೊಬ್ಬರೇ ಹೋದರು. ನಾನು ಕೌದಿಯೊಳಗೆ ಎಲ್ಲ ಕೇಳಿಸಿಕೊಂಡೆ.

ಉಳಿದ ಯಾವ ಕುರಿಗೂ ಏನೂ ಆಗಲಿಲ್ಲ. ನಡುಗುತ್ತಾ ನಡುಗುತ್ತಾ ಎಲ್ಲ ಬದುಕಿದವು. ಆದರೆ ಜನ ಸತ್ತ ಒಂದನ್ನೇ ನೆನಪಿಟ್ಟುಕೊಂಡರು. ಕೆಲವು ದಿನಗಳ ನಂತರ ಅವ್ವ ಆ ಉಣ್ಣೆಯನ್ನು ನೂಲಲು ಕೂತು, "ತೊಳೆದ ಉಣ್ಣಿಗೆ ಹುಲ್ಲು ಹೆಂಗ ಹತ್ತಿತು?" ಎಂದು ಕೇಳಿದಳು. ಗಾಳಿಗೆ ಹಾರಿ ಬಂದಿರಬೇಕು ಎಂದೆ. ಯುಗಾದಿಗೂ ಬೇವು ಹೂ ಬಿಡಲಿಲ್ಲ, ಅವ್ವ ಆಗ ತಾನೇ ಕಣ್ಣು ಬಿಟ್ಟಿದ್ದ ನಾಲ್ಕು ಚಿಗುರನ್ನೇ ಬೆಲ್ಲಕ್ಕೆ ಹಾಕಿದಳು. ಆ ವರ್ಷದ ಬೇವು ಬೆಲ್ಲ ನನಗೆ ಬರೀ ಕಹಿ ಎನಿಸಿತು.

ಮುಂದಿನ ವರ್ಷ ಕತ್ತರಿಯ ದಿನ ಕೇಳಲು ನಮ್ಮ ಕಟ್ಟೆಗೆ ಯಾರೂ ಬರಲಿಲ್ಲ. ಅವರವರಿಗೆ ತಿಳಿದ ದಿನ ಅವರವರು ಕತ್ತರಿಸಿದರು. ದಾರಿಯಲ್ಲಿ ಯಾರಾದರೂ ಮುಲಾಜಿಗೆ ಕೇಳಿದರೆ ಅಪ್ಪ, "ನಿಮಗ ಹೆಂಗ ತಿಳೀತೈತಿ ಹಂಗ ಮಾಡ್ರಿ" ಎನ್ನುತ್ತಿದ್ದ. ನಸುಕಿನಲ್ಲಿ ದೊಡ್ಡಿಗೆ ಹೋಗಿ ನಿಲ್ಲುವುದನ್ನೂ ಬಿಟ್ಟ. ಎಲ್ಲರದೂ ಮುಗಿದ ಮೇಲೆ ಕಡೆಗೆ ನಮ್ಮ ಕುರಿಗಳಿಗೆ ಕತ್ತರಿ. ಅಷ್ಟರಲ್ಲಿ ಅವು ಬಿಸಿಲಿಗೆ ಏದುಸಿರು ಬಿಡುತ್ತಿದ್ದವು. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಗಿಲವರೆಗೆ ಹೋಗಿದ್ದೆ. ಅಪ್ಪನ ಎದುರು ನಿಂತು ಮಾತಾಡುವ ರೂಢಿ ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಇರಲಿಲ್ಲ. ಮದುವೆಯಾಯಿತು, ಬೇರೆ ಊರಿಗೆ ಬಂದೆ, ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಹೇಳಲಿಲ್ಲ.

ನೀವು ಗಂಗಾವತಿಯ ಮನೆಯಲ್ಲಿ ಫ್ಯಾನಿನ ಕೆಳಗೆ ಬೆಳೆದವರು. ನಾಳೆ ಚಳಿಯೋ ಬಿಸಿಲೋ ಎಂದು ಫೋನ್ ನೋಡಿ ಹೇಳುತ್ತೀರಿ. ಅದು ತಪ್ಪಿದರೆ ಫೋನಿಗೆ ಬೈದು ಸುಮ್ಮನಾಗುತ್ತೀರಿ, ಯಾರ ಮಾನವೂ ಹೋಗುವುದಿಲ್ಲ. ಮೊನ್ನೆ ನಿಮ್ಮಲ್ಲೊಬ್ಬಳು ಅಪ್ಪನ ಕನ್ನಡಕ ಒಡೆದಳು. ಅವನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹೋಗಿ, "ಅಪ್ಪಾ, ನಾನೇ ಒಡೆದೆ" ಎಂದಳು. ಅವನು ಬೈದ, ಇವಳು ಅತ್ತಳು, ಊಟದ ಹೊತ್ತಿಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಈ ಅಜ್ಜಿ ಯಾಕೆ ಉಣ್ಣಲಿಲ್ಲ ಎಂದು ಆವತ್ತು ಕೇಳಿದಿರಲ್ಲ, ಇದಕ್ಕೇ.

ಹೇಳಿದ್ದರೂ ನಮ್ಮಪ್ಪ ನನ್ನನ್ನು ಹೊಡೆಯುತ್ತಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ತನಗೆ ಕುರಿಯ ಮಾತು ತಿಳಿಯುವುದಿಲ್ಲ ಎಂದು ನಂಬಿಕೊಂಡೇ ಅವನು ತೀರಿಹೋದ. ನಿಮಗೆ ಹೇಳಿಕೊಳ್ಳಲು ಅಪ್ಪ ಇದ್ದಾನೆ, ಸಂಜೆಗೆ ಮನೆಗೆ ಬರುತ್ತಾನೆ. ನನಗೆ ಹೇಳಿಕೊಳ್ಳಲು ಈಗ ನೀವಷ್ಟೇ ಇರುವುದು.