ದುರ್ಗಪ್ಪನ ಕುಶಾಲು

ನನ್ನ ತಮ್ಮ ದುರ್ಗಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದರೆ ಅವನ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸುತ್ತದೆ ನಿಮಗೆ. ನನಗೂ ಅನ್ನಿಸಿತ್ತು.

ಅಘನಾಶಿನಿಯಲ್ಲಿ ಅವನದು ಹೊಳೆಯ ಕೆಲಸ. ಕಡಲ ಇಳಿತಕ್ಕೆ ನೀರು ಸರಿದಾಗ ಮರಳು ದಿಬ್ಬಕ್ಕೆ ಹೋಗಿ, ಮರಳಲ್ಲಿ ಹುದುಗಿರುವ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬುಟ್ಟಿ ತುಂಬಿಸಿ ತರುತ್ತಾನೆ. ಎಷ್ಟು ದಣಿದರೂ ಬಾಯಿಗೆ ಮಾತ್ರ ದಣಿವಿಲ್ಲ, ಕುಶಾಲು ಮಾಡದಿದ್ದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಮಗಳು ಸುಪ್ರಿಯಾಗೆ ನಾಲ್ಕು ವರ್ಷವಿದ್ದಾಗ, "ನೀ ನಮ್ಮ ಮಗಳಲ್ಲ, ಬಳಚಿನ ಬುಟ್ಟಿಲಿ ಸಿಕ್ಕಿದವಳು" ಅಂದುಬಿಟ್ಟಿದ್ದ. ತನ್ನ ಹಾಗೆ ಇನ್ನೊಂದು ಮಗು ಸಿಕ್ಕೀತೆಂದು ಅವಳು ಮೂರು ದಿನ ಕಂಡ ಬುಟ್ಟಿಯನ್ನೆಲ್ಲ ಬಗ್ಗಿ ಬಗ್ಗಿ ನೋಡಿದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನ ಹೆಂಡತಿ ಮಾದೇವಿ ನಗಲಿಲ್ಲ.

"ನೀವು ಹೇಳಿದ್ದೆಲ್ಲ ನಂಬ್ತದೆ ಮಾರಾಯ್ರೆ ಅದು. ಮಕ್ಕಳ ಹತ್ರ ಎಂತ ಕುಶಾಲು?" ಅಂದಳು.

"ಎಂತ ಆತು ಈಗ? ನಕ್ಕರೆ ಹಲ್ಲು ಉದುರ್ತದಾ?" ಅಂದ ಇವನು. ನಾನೂ ಅವನ ಪರವೇ ಮಾತಾಡಿದ್ದೆ.

ಈಗ ಸುಪ್ರಿಯಾಗೆ ಒಂಬತ್ತು. ಬರಿಗಾಲಲ್ಲೇ ಓಡಿ ತಾಲೂಕು ಮಟ್ಟದ ಓಟಕ್ಕೆ ಆಯ್ಕೆಯಾದಳು. ದೀಪಾವಳಿಗೆ ಒಂದು ಜೊತೆ ಶೂ ಬೇಕು ಅಂದಳು, ಬೇರೆ ಏನೂ ಕೇಳಲಿಲ್ಲ. ದುರ್ಗಪ್ಪ ಕುಮಟೆಗೆ ಹೋಗಿ ತಂದ. ತಂದವನು ಕೊಟ್ಟು ಸುಮ್ಮನಿರಬಾರದೇ? ಹಬ್ಬದ ದಿನ ಮಕ್ಕಳಿಗೆ ಖಾಲಿ ಪೆಟ್ಟಿಗೆ ಕೊಟ್ಟು, ಅವು ಅಳುವುದನ್ನು ವಿಡಿಯೊ ಮಾಡಿ ಹಾಕುವ ಅಪ್ಪ ಅಮ್ಮಂದಿರನ್ನು ಫೋನಿನಲ್ಲಿ ನೋಡಿದ್ದ, ಅದು ತಲೆಗೆ ಹತ್ತಿತ್ತು. ಶೂಗಳನ್ನು ಅಟ್ಟದಲ್ಲಿ ಅಡಗಿಸಿ, ಅವುಗಳ ಪೆಟ್ಟಿಗೆಗೆ ಬಳಚಿನ ಚಿಪ್ಪು ತುಂಬಿ, ಬಣ್ಣದ ಕಾಗದ ಸುತ್ತಿದ. ವಿಡಿಯೊ ಮಾಡಲು ಫೋನ್ ಹಿಡಿದವಳು ನಾನೇ. ಮುಚ್ಚಿಟ್ಟು ಏನು ಮಾಡಲಿ?

ಅಮಾವಾಸ್ಯೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಪೆಟ್ಟಿಗೆ ಕೊಟ್ಟ. ಮಾದೇವಿ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹುಡುಗಿ ಮುಚ್ಚಳ ತೆಗೆದು ನೋಡಿದಳು. ಚಿಪ್ಪಿನೊಳಗೆ ಕೈ ಹಾಕಿ ತಳದವರೆಗೂ ತಡಕಾಡಿದಳು. ಅಳಲಿಲ್ಲ.

"ಶೂ ಎಲ್ಲಿ ಅಪ್ಪ?"

"ಶೂ ಪುಕ್ಕಟೆ ಬತ್ತದಾ? ಒಂದು ಬುಟ್ಟಿ ಬಳಚು ಹೆಕ್ಕಿ ತಾ, ಆಗ ಶೂ."

ನಾನು ನಕ್ಕ ರಭಸಕ್ಕೆ ಫೋನ್ ಅಲ್ಲಾಡಿತು. "ಸಂಜೆ ಪೂಜೆ ಹೊತ್ತಿಗೆ ಕೊಡುವ, ಅಕ್ಕ, ಅಲ್ಲಿವರೆಗೆ ಕಾಯ್ಲಿ" ಎಂದು ನನ್ನ ಕಿವಿಯಲ್ಲಿ ಉಸುರಿ ಅವನು ಚಾಪೆ ಹಾಸಿ ಮಲಗಿದ.

ಆರು ಗಂಟೆಗೆ ಮಾದೇವಿ ದೀಪ ಹಚ್ಚಲು ಮಗಳನ್ನು ಕರೆದಳು. ಓಗೊಡಲಿಲ್ಲ. ಅಕ್ಕಪಕ್ಕದ ಮನೆಯಲ್ಲೂ ಇರಲಿಲ್ಲ. ಹಿತ್ತಿಲಿಗೆ ಹೋದ ಮಾದೇವಿ ಅಲ್ಲಿಂದಲೇ ಕಿರುಚಿದಳು: "ಸಣ್ಣ ಬುಟ್ಟಿ ಕಾಣ್ತಿಲ್ಲ!"

ದುರ್ಗಪ್ಪ ಹೊಳೆಯ ಕಡೆ ಓಡಿದ. ಅಮಾವಾಸ್ಯೆಯ ಇಳಿತ ಎಂದರೆ ಏನೆಂದು ಅವನಿಗೆ ಗೊತ್ತು. ನೀರು ಬಹಳ ದೂರ ಸರಿಯುತ್ತದೆ, ನಡೆದುಕೊಂಡೇ ದಿಬ್ಬಕ್ಕೆ ಹೋಗಬಹುದು. ಆದರೆ ತಿರುಗಿ ಏರುವಾಗ ದಿಬ್ಬಕ್ಕೂ ದಡಕ್ಕೂ ನಡುವಿನ ತಗ್ಗು ಮೊದಲು ತುಂಬುತ್ತದೆ. ಬಗ್ಗಿ ಹೆಕ್ಕುತ್ತಿರುವವರಿಗೆ ಕಾಲಡಿಯ ಮರಳು ಒಣಗಿಯೇ ಇರುತ್ತದೆ, ಹಿಂದೆ ದಾರಿ ಮುಚ್ಚಿದ್ದು ತಿಳಿಯುವುದಿಲ್ಲ. ಹಬ್ಬವೆಂದು ಅಂದು ಹೊಳೆಗೆ ಯಾರೂ ಇಳಿದಿರಲಿಲ್ಲ. ದೇವರೇ, ನಾನು ನಕ್ಕೆನಲ್ಲ, ನಾನೇ ನಕ್ಕೆನಲ್ಲ ಎಂದು ಓಡಿದೆ.

ಪಕ್ಕದ ಮನೆಯ ಮೋಹನ ದೋಣಿ ಬಿಚ್ಚಿದ. ನಾನೂ ಹತ್ತಿದೆ. ಬೆಳಕು ಹೋಗುತ್ತಿತ್ತು. ಕೂಗಿ ಕೂಗಿ ದುರ್ಗಪ್ಪನ ದನಿಯೇ ಹೋಯಿತು. ಯಾವ ದಿಬ್ಬವೂ ಕಾಣಲಿಲ್ಲ, ಬರೀ ನೀರು. ಕೊನೆಗೆ ಮೋಹನನೇ ಬೆರಳು ತೋರಿಸಿದ.

ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಿದ್ದಳು ಹುಡುಗಿ. ಸೊಂಟದವರೆಗೆ ನೀರು. ನಾವು ಕರೆದರೂ ಕೈ ಬೀಸಲಿಲ್ಲ, ಬೀಸಿದರೆ ಬುಟ್ಟಿ ಬೀಳುತ್ತದೆ ಎಂಬ ಹೆದರಿಕೆ ಅವಳಿಗೆ. ದುರ್ಗಪ್ಪ ದೋಣಿಯಿಂದ ಹಾರಿ ಅವಳನ್ನು ಎತ್ತಿ ತಂದ. ಮೈ ತಣ್ಣಗಾಗಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಬುಟ್ಟಿಯನ್ನು ಬಿಡಿಸಿಕೊಳ್ಳಲು ನನಗೆ ಸಾಕುಸಾಕಾಯಿತು.

"ಶೂ ಅದೆ ಮಗಾ, ಅಟ್ಟದ ಮೇಲೆ ಅದೆ," ಎಂದ ದುರ್ಗಪ್ಪ, ಮೂಗು ಬಾಯಿ ಎಲ್ಲ ಒಂದಾಗಿ ಅಳುತ್ತ. "ಮೊದ್ಲೇ ತಂದಿಟ್ಟಿದ್ದೆ. ನಾ ಕುಶಾಲು ಮಾಡ್ದೆ ಮಗಾ, ಬರೀ ಕುಶಾಲು."

ಸುಪ್ರಿಯಾ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಅಳುವ ಅಪ್ಪನನ್ನು ಅವಳು ಎಂದೂ ಕಂಡಿರಲಿಲ್ಲ. ಆಮೇಲೆ ನನ್ನ ಕಡೆ ವಾಲಿ, ಅವನಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ ಕೇಳಿದಳು:

"ಅತ್ತೆ, ಈಗ ನಾನು ನಗ್ಬೇಕಾ?"