ದೀಕ್ಷಾಳ ಹೆಸರಿನ ಕಾರ್ಡು

2023ರಲ್ಲಿ ನಾನು ಮೂಡುಬಿದಿರೆಯ ಬ್ಯಾಂಕ್ ಶಾಖೆಯೊಂದರಲ್ಲಿ ಸಾಲ ಮತ್ತು ಕಾರ್ಡ್ ವಿಭಾಗದ ಅಧಿಕಾರಿಯಾಗಿದ್ದೆ. ಬಾಯಿ ಸ್ವಲ್ಪ ಜೋರು ಎಂಬ ಹೆಸರು ಹಿಂದೆ ಬಂಟ್ವಾಳದ ಶಾಖೆಯಲ್ಲಿದ್ದಾಗಲೇ ನನಗೆ ಬಂದಿತ್ತು. ಅದನ್ನು ಸುಳ್ಳು ಮಾಡಲು ನಾನೂ ಹೋಗಲಿಲ್ಲ.

ಜೂನ್ ಮೊದಲ ವಾರ ಒಬ್ಬಳು ಕಾಲೇಜು ಹುಡುಗಿ ಬಂದು ನನ್ನ ಮೇಜಿನೆದುರು ನಿಂತಳು. ಬ್ಯಾಂಕಿಗೆ ಬಂದವರನ್ನು ತುಳುವಿನಲ್ಲೇ ಮಾತಾಡಿಸುವುದು ನಮ್ಮ ಕಡೆಯ ರೂಢಿ. "ದಾದ ಬೋಡು?" ಎಂದು ಕೇಳಿದೆ, ಏನು ಬೇಕು ಅಂತ. ಉತ್ತರವಿಲ್ಲ. ಎರಡನೆಯ ಸಲ ಕೇಳಿದರೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಬಾಯಿ ಬಿಟ್ಟರೆ ಮುತ್ತು ಉದುರ್ತದಾ?" ಎಂದು ಸಿಡುಕಿಬಿಟ್ಟೆ.

ಅಷ್ಟರಲ್ಲಿ ಹಿಂದಿನಿಂದ ಅವಳ ತಾಯಿ ಗಿರಿಜಕ್ಕ ಓಡೋಡಿ ಬಂದರು. "ಅವಳಿಗೆ ಕಿವಿ ಕೇಳುವುದಿಲ್ಲ ಮೇಡಂ. ನಿಧಾನ ಕನ್ನಡದಲ್ಲಿ ಹೇಳಿ, ತುಟಿ ನೋಡಿ ಗೊತ್ತು ಮಾಡ್ತಾಳೆ."

ಶ್ರವಣದೋಷವುಳ್ಳ ಮಕ್ಕಳ ಶಾಲೆಯಲ್ಲಿ ದೀಕ್ಷಾ ತುಟಿ ಓದಲು ಕಲಿತದ್ದು ಕನ್ನಡದಲ್ಲಿ. ಹಾಗಾಗಿ ಬೆಳುವಾಯಿಯ ಆ ತುಳು ಮನೆಯಲ್ಲಿ ಅವಳೊಬ್ಬಳ ಹತ್ತಿರ ಮಾತ್ರ ಎಲ್ಲರೂ ಕನ್ನಡ ಮಾತಾಡುತ್ತಿದ್ದರು. ಗೇರುಬೀಜದ ಕಾರ್ಖಾನೆಗೆ ಹೋಗುವ ಗಿರಿಜಕ್ಕ ಮಗಳಿಗಾಗಿಯೇ ಕನ್ನಡ ಸರಿಮಾಡಿಕೊಂಡವರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ದೀಕ್ಷಾಳಿಗೆ ಕ್ರೆಡಿಟ್ ಕಾರ್ಡ್ ಬೇಕಿತ್ತು. ಚಿತ್ರಕಲೆ ಓದುತ್ತಿದ್ದ ಅವಳಿಗೆ ವಿದೇಶದ ಸಂಸ್ಥೆಯೊಂದರ ಆನ್‌ಲೈನ್ ಅನಿಮೇಶನ್ ಕೋರ್ಸಿನಲ್ಲಿ ಅರ್ಧ ಶುಲ್ಕದ ಸೀಟು ಸಿಕ್ಕಿತ್ತು. ಪಾಠವೆಲ್ಲ ತೆರೆಯ ಮೇಲೆ ಅಕ್ಷರದಲ್ಲೂ ಬರುತ್ತದೆ, ಅವಳಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಉಳಿದರ್ಧ ಶುಲ್ಕವನ್ನು ಜೂನ್ ಮೂವತ್ತರೊಳಗೆ ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಬೇಕು. ಯುಪಿಐ ಅಲ್ಲಿ ನಡೆಯುವುದಿಲ್ಲ. ತಪ್ಪಿದರೆ ಸೀಟು ಬೇರೆಯವರಿಗೆ.

ಸಂಬಳವಿಲ್ಲದ ವಿದ್ಯಾರ್ಥಿಗಳಿಗೆ ನಾವು ಕೊಡುವುದು ಠೇವಣಿಯ ಆಧಾರದ ಕಾರ್ಡು. ಇಪ್ಪತ್ತು ಸಾವಿರ ಠೇವಣಿ ಇಟ್ಟರೆ ಹದಿನಾರು ಸಾವಿರದವರೆಗೆ ಖರ್ಚು ಮಾಡಬಹುದು; ಶುಲ್ಕಕ್ಕೆ ಅಷ್ಟು ಸಾಕು. ಅಂಗನವಾಡಿ, ಶಾಲೆಗಳ ಗೋಡೆಗೆ ಚಿತ್ರ ಬರೆದು ಅವಳೇ ಆ ಇಪ್ಪತ್ತು ಸಾವಿರ ಕೂಡಿಸಿದ್ದಳು. ಅರ್ಜಿ ಕಳಿಸಿದೆ. ನಾಲ್ಕೇ ದಿನದಲ್ಲಿ ವಾಪಸು ಬಂತು: "ಕರೆಗೆ ಉತ್ತರವಿಲ್ಲ." ಕೇಂದ್ರ ಕಚೇರಿಯವರು ಅರ್ಜಿದಾರರಿಗೆ ಫೋನ್ ಮಾಡಿ ಹೆಸರು, ಜನ್ಮದಿನಾಂಕ ಕೇಳಿ ಖಚಿತಪಡಿಸಿಕೊಳ್ಳುವ ಕ್ರಮವಿದೆ. ಕಿವಿ ಕೇಳುವುದಿಲ್ಲ ಎಂದು ನಾನು ಷರಾ ಬರೆದಿದ್ದರೂ ಓದಿದವರಿಲ್ಲ. ಎರಡನೆಯ ಸಲ ಅರ್ಜಿ ಕಳಿಸಿದಾಗ ಗಿರಿಜಕ್ಕ ಫೋನ್ ಎತ್ತಿದರು. "ಬೇರೆಯವರು ಉತ್ತರಿಸಿದ್ದಾರೆ, ವಂಚನೆಯ ಶಂಕೆ" ಎಂದು ಅದೂ ತಿರಸ್ಕೃತವಾಯಿತು.

ಆ ದಿನ ಜೂನ್ ಇಪ್ಪತ್ತೆರಡು. ನನಗೆ ಸುಲಭದ ದಾರಿ ಹೊಳೆಯಿತು. ಕಾರ್ಡು ತಾಯಿಯ ಹೆಸರಿನಲ್ಲಿರಲಿ, ಅದರ ಜೊತೆ ಮಗಳಿಗೊಂದು ಆಡ್-ಆನ್, ಎಂದರೆ ಉಪಕಾರ್ಡು ಕೊಡುವ ಎಂದೆ. ದೀಕ್ಷಾ ನನ್ನ ಮೇಜಿನ ಚೀಟಿ ಎಳೆದುಕೊಂಡು ಬರೆದಳು: "ದುಡಿದವಳು ನಾನು. ಸಾಲವೂ ನನ್ನ ಹೆಸರಿನಲ್ಲೇ ಇರಲಿ."

ಅಬ್ಬಾ ಹುಡುಗಿಯೇ! ಎಂಟು ದಿನ ಉಳಿದಿರುವಾಗ ಹೀಗೆ ಹೇಳಲು ಎಂಥ ಎದೆ ಬೇಕು. ಮೊದಲು ಸಿಟ್ಟು ಬಂತು, ಆಮೇಲೆ ಆ ಸಿಟ್ಟನ್ನು ಕೇಂದ್ರ ಕಚೇರಿಯ ಕಡೆಗೆ ತಿರುಗಿಸಿದೆ. ಅಲ್ಲಿದ್ದವರು ನಮ್ಮ ಕರಾವಳಿಯವರೇ. "ಕಿವಿ ಕೇಳದವಳಿಗೆ ಇನ್ನೆಷ್ಟು ಸಲ ಫೋನ್ ಮಾಡ್ತೀರಿ ಮಾರಾಯ್ರೆ? ಬೇರೆ ದಾರಿ ಉಂಟಾ ಇಲ್ವಾ?" ಎಂದೆ. ಮೂರು ದಿನ ಬೆನ್ನು ಬಿಡಲಿಲ್ಲ. ಕೊನೆಗೆ ವಿಡಿಯೊ ಮೂಲಕ ಪರಿಶೀಲಿಸಲು ಒಪ್ಪಿದರು.

ಅದಕ್ಕೂ ಒಂದು ನಿಯಮ: ಅರ್ಜಿದಾರರ ಹತ್ತಿರ ಯಾರೂ ಇರಬಾರದು, ಯಾರೂ ಹೇಳಿಕೊಡಬಾರದು. ಮ್ಯಾನೇಜರರ ಕೋಣೆಯಲ್ಲಿ ಅವಳನ್ನು ಒಬ್ಬಳೇ ಕೂರಿಸಿ, ನಾನೂ ಗಿರಿಜಕ್ಕನೂ ಗಾಜಿನ ಹೊರಗೆ ನಿಂತೆವು. "ಪರೀಕ್ಷೆಗೆ ಕಳಿಸುವಾಗಲೂ ನನಗೆ ಇಷ್ಟು ಹೆದರಿಕೆ ಆಗಿರ್ಲಿಲ್ಲ" ಎಂದರು ಗಿರಿಜಕ್ಕ.

ತೆರೆಯಲ್ಲಿ ಕಾಣಿಸಿದ ಕೇಂದ್ರ ಕಚೇರಿಯ ತರುಣಿ, ದೀಕ್ಷಾಳಿಗೆ ತುಟಿ ಓದಲು ಬಾರದ ಇಂಗ್ಲಿಷಿನಲ್ಲಿ ಏನೋ ಕೇಳಿದಳು, ಉತ್ತರಕ್ಕೆ ಕಾದಳು, ಕರೆ ಕಡಿದಳು. ನಾನು ಬಾಗಿಲಿಗೆ ಕೈ ಹಾಕಿದೆ. ಒಳಗಿನಿಂದ ದೀಕ್ಷಾ ಬೇಡವೆಂದು ಕೈ ಅಲ್ಲಾಡಿಸಿ, ಲಿಂಕ್ ಒತ್ತಿ ಮತ್ತೆ ಸೇರಿಕೊಂಡಳು. ಈ ಸಲ ಮುಖ ತೋರಿಸುವ ಮೊದಲೇ ಒಂದು ಹಾಳೆ ಎತ್ತಿ ಹಿಡಿದಳು. ದಪ್ಪ ಕುಂಚದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು, ನನಗೆ ಕಿವಿ ಕೇಳಿಸುವುದಿಲ್ಲ, ದಯವಿಟ್ಟು ಬರೆದು ಕೇಳಿ ಎಂದು. ತರುಣಿ ತನ್ನ ಮೇಜಿನಿಂದ ಕಾಗದ ತೆಗೆದಳು. ಜನ್ಮದಿನಾಂಕ ಬರೆದು ಕೇಳಿದಳು, ಇವಳು ಬರೆದು ತೋರಿಸಿದಳು. ತೆರೆಯ ಮೇಲೆ ಬಂದ, ಗಟ್ಟಿಯಾಗಿ ಓದಬೇಕಾದ ನಾಲ್ಕು ಅಂಕಿಯನ್ನು ದೀಕ್ಷಾ ಬೆರಳಿನಲ್ಲಿ ತೋರಿಸಿದಳು. ಒಂಬತ್ತು ನಿಮಿಷದಲ್ಲಿ ಮುಗಿಯಿತು.

ಜೂನ್ ಇಪ್ಪತ್ತೊಂಬತ್ತಕ್ಕೆ ಕಾರ್ಡು ಶಾಖೆಗೆ ಬಂತು. ನನ್ನ ಮೇಜಿನಲ್ಲೇ ಕೂತು ಅವಳು ಶುಲ್ಕ ಕಟ್ಟಿದಳು. ಸೀಟು ಉಳಿಯಿತು. ಖುಷಿಯಲ್ಲಿ ನಾನು ಗಿರಿಜಕ್ಕನ ಕಡೆ ತಿರುಗಿ ವಿವರಿಸತೊಡಗಿದೆ: ಬಿಲ್ಲು ಯಾವಾಗ ಬರುತ್ತದೆ, ಎಷ್ಟು ದಿನದೊಳಗೆ ಕಟ್ಟಬೇಕು, ತಡವಾದರೆ ಬಡ್ಡಿ ಎಷ್ಟು.

ಗಿರಿಜಕ್ಕ ಎರಡು ಮಾತು ಕೇಳಿ ತಡೆದರು. "ನನ್ನತ್ರ ಯಾಕೆ ಹೇಳ್ತೀರಿ ಮೇಡಂ? ಕಾರ್ಡು ಅವಳದ್ದಲ್ವಾ?"

ಅವರು ಸಿಟ್ಟಿನಿಂದ ಹೇಳಲಿಲ್ಲ. ಆದರೂ ನನಗೆ ಕಪಾಳಕ್ಕೆ ಹೊಡೆದಂತಾಯಿತು. ಮೂವತ್ತನಾಲ್ಕು ವರ್ಷ ಹೆಂಡತಿಯ ಖಾತೆಯ ವಿಷಯವನ್ನು ಗಂಡನಿಗೆ, ಮುದುಕರ ಪಿಂಚಣಿಯ ವಿಷಯವನ್ನು ಮಗನಿಗೆ ವಿವರಿಸುತ್ತಲೇ ಬಂದವಳು ನಾನು. ಸಹಿ ಹಾಕಬೇಕಾದವರು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಅದನ್ನು ಕೆಲಸ ಎಂದುಕೊಂಡಿದ್ದೆ.

ಕುರ್ಚಿ ತಿರುಗಿಸಿ ದೀಕ್ಷಾಳ ಎದುರು ಕೂತು ಮೊದಲಿನಿಂದ ಶುರುಮಾಡಿದೆ. ಅವಳು ಐದು ಪ್ರಶ್ನೆ ಬರೆದು ಕೇಳಿದಳು, ಒಂದಕ್ಕೆ ನನಗೇ ಉತ್ತರ ಗೊತ್ತಿರಲಿಲ್ಲ. ನಿವೃತ್ತಿಗೆ ಆಗ ಹನ್ನೊಂದು ತಿಂಗಳಿತ್ತು. ಉಳಿದ ಅಷ್ಟು ದಿನವಾದರೂ, ಅರ್ಜಿಯಲ್ಲಿ ಯಾರ ಹೆಸರಿತ್ತೋ ಅವರ ಮುಖ ನೋಡಿಯೇ ಮಾತಾಡಿದೆ.